ಪೇಟೆಂಟಿಗೆ ಪೇಟೆಂಟೇ ಅಡ್ಡ ಬಂದಾಗ: ವಿಡಿಯೊ ಕೋಡಿಂಗ್ ಕ್ಲೇಮುಗಳ ಡಬಲ್ ಪೇಟೆಂಟಿಂಗ್ ತಿರಸ್ಕಾರಕ್ಕೆ ಉತ್ತರ ಬರೆಯುವ ಬಗೆ

ಅಮೆರಿಕದ ಪೇಟೆಂಟ್ ಕಚೇರಿಯಿಂದ ಬಂದ, ಪರೀಕ್ಷಕರ ತಕರಾರುಗಳನ್ನು ಪಟ್ಟಿ ಮಾಡುವ ಪತ್ರವಾದ ಆಫೀಸ್ ಆಕ್ಷನ್‌ನಲ್ಲಿ ಮಿಕ್ಕ ತಕರಾರುಗಳೆಲ್ಲ ಬಿದ್ದುಹೋಗಿ ಡಬಲ್ ಪೇಟೆಂಟಿಂಗ್ (ಒಂದೇ ಆವಿಷ್ಕಾರಕ್ಕೆ ಎರಡು ಪೇಟೆಂಟ್ ಕೇಳುತ್ತಿದ್ದೀರಿ ಎನ್ನುವ ತಕರಾರು) ಒಂದೇ ಉಳಿಯಿತೆಂದರೆ, ಉತ್ತರದ ಕರಡು ಬರೆಯುವ ನಮ್ಮ ಬೆಂಗಳೂರಿನ ತಂಡಗಳಲ್ಲಿ ಎಲ್ಲರಿಗೂ ಒಂದೇ ಮಾತು ಹೊಳೆಯುತ್ತದೆ: ‘ಟರ್ಮಿನಲ್ ಡಿಸ್‌ಕ್ಲೇಮರ್ ಹಾಕಿ ಮುಗಿಸಿಬಿಡಿ.’ ಹೊಸ ಪೇಟೆಂಟ್ ಹಳೆಯದರ ಕೊನೆಯ ದಿನವನ್ನು ದಾಟುವುದಿಲ್ಲ, ಎರಡೂ ಒಬ್ಬನೇ ಮಾಲೀಕನ ಕೈಯಲ್ಲಿರುತ್ತವೆ ಎಂದು ಬರೆದುಕೊಡುವ ಕಾಗದ ಅದು. ಹತ್ತು ನಿಮಿಷದ ಕೆಲಸ, ಶುಲ್ಕವೂ ಹೆಚ್ಚಲ್ಲ, ಕಕ್ಷಿದಾರನಿಗೆ ಬೇಗ ಪೇಟೆಂಟ್ ಸಿಗುತ್ತದೆ. ನನ್ನ ಜಗಳ ಈ ಅಭ್ಯಾಸದ ಜೊತೆಗೆ. ಡಿಸ್‌ಕ್ಲೇಮರ್ ಹಾಕಬಾರದು ಎಂದಲ್ಲ. ಹಾಕುವ ಮೊದಲು ಮಾಡಬೇಕಾದ ಲೆಕ್ಕವನ್ನು ಮಾಡದೆ ಹಾಕಬಾರದು. ಆ ಲೆಕ್ಕ ಹೇಗೆ ಎನ್ನುವುದನ್ನು, ಈ ಕೆಲಸಕ್ಕೆ ಹೊಸದಾಗಿ ಬಂದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ವಿಡಿಯೊ ಕೋಡಿಂಗ್‌ನಲ್ಲಿ ಈ ತಿರಸ್ಕಾರ ಇಷ್ಟೊಂದು ಬರಲು ಕಾರಣವಿದೆ. ವಿಡಿಯೊವನ್ನು ಕುಗ್ಗಿಸಿ ಮತ್ತೆ ಬಿಡಿಸುವ ಮಾನದಂಡಗಳಲ್ಲಿ ಎಚ್.264 ಬಂದದ್ದು 2003ರಲ್ಲಿ, ಎಚ್.265 2013ರಲ್ಲಿ, ಎಚ್.266 2020ರಲ್ಲಿ. ಮಾನದಂಡದ ಕರಡು ಇನ್ನೂ ಚರ್ಚೆಯಲ್ಲಿರುವಾಗಲೇ ಕಂಪನಿಗಳು ಅರ್ಜಿ ಹಾಕಿರುತ್ತವೆ. ಕೊನೆಗೆ ಯಾವ ಸಿಂಟ್ಯಾಕ್ಸ್ ಉಳಿಯುತ್ತದೆ, ಬ್ಲಾಕಿನ (ಚಿತ್ರವನ್ನು ಹಂಚಿದ ತುಂಡಿನ) ಗಾತ್ರದ ಮಿತಿ ಎಷ್ಟಕ್ಕೆ ನಿಲ್ಲುತ್ತದೆ ಎನ್ನುವುದು ಆಗ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಒಂದೇ ದಪ್ಪ ವಿವರಣೆಯ ಮೇಲೆ ಕಂಟಿನ್ಯುಯೇಷನ್ ಅರ್ಜಿಗಳನ್ನು ಒಂದಾದ ಮೇಲೊಂದು ಜೀವಂತವಾಗಿಟ್ಟು, ಮಾನದಂಡ ಅಂತಿಮವಾದಂತೆ ಕ್ಲೇಮುಗಳನ್ನು (ಪೇಟೆಂಟಿನ ಹಕ್ಕಿನ ಗಡಿಯನ್ನು ಹೇಳುವ ವಾಕ್ಯಗಳನ್ನು) ಅದಕ್ಕೆ ಹೊಂದಿಸುತ್ತ ಹೋಗುತ್ತಾರೆ. ಪ್ರತಿ ಅರ್ಜಿಯಲ್ಲೂ ಡಿಕೋಡಿಂಗ್ ವಿಧಾನ, ಎನ್‌ಕೋಡಿಂಗ್ ವಿಧಾನ, ಉಪಕರಣ, ಬಿಟ್‌ಸ್ಟ್ರೀಮ್ (ಕುಗ್ಗಿಸಿದ ವಿಡಿಯೊ ದತ್ತಾಂಶ) ಸಂಗ್ರಹಿಸಿದ ಮಾಧ್ಯಮ. ಕುಟುಂಬ ಬೆಳೆದಷ್ಟೂ ಅಣ್ಣತಮ್ಮಂದಿರ ಮುಖ ಒಂದೇ ಥರ ಕಾಣತೊಡಗುತ್ತದೆ. ಪರೀಕ್ಷಕರು ಕೇಳುವುದೂ ಅದನ್ನೇ.

ಮೊದಲು ನೋಡಬೇಕಾದದ್ದು ತಿರಸ್ಕಾರದ ಜಾತಿ

ಡಬಲ್ ಪೇಟೆಂಟಿಂಗ್‌ನಲ್ಲಿ ಎರಡು ಬಗೆ. ಒಂದು, ಅಮೆರಿಕದ ಪೇಟೆಂಟ್ ಕಾಯ್ದೆಯ 101ನೇ ಸೆಕ್ಷನ್ ಆಧರಿಸಿದ್ದು: ಅದೇ ಆವಿಷ್ಕಾರಕ್ಕೆ ಎರಡನೆಯ ಪೇಟೆಂಟ್ ಇಲ್ಲ. ಇದಕ್ಕೆ ಟರ್ಮಿನಲ್ ಡಿಸ್‌ಕ್ಲೇಮರ್ ಮದ್ದಲ್ಲ. ಕ್ಲೇಮನ್ನು ತಿದ್ದಬೇಕು ಅಥವಾ ಕೈಬಿಡಬೇಕು. ಆದರೆ ‘ಅದೇ’ ಎಂದರೆ ನಿಜವಾಗಿಯೂ ಅದೇ ಆಗಿರಬೇಕು. ಒಂದು ಕ್ಲೇಮನ್ನು ಅಕ್ಷರಶಃ ಉಲ್ಲಂಘಿಸಿ ಇನ್ನೊಂದನ್ನು ಉಲ್ಲಂಘಿಸದ ಒಂದೇ ಒಂದು ಡಿಕೋಡರ್ ಅನ್ನು ನೀವು ಕಲ್ಪಿಸಿ ತೋರಿಸಿದರೆ 101ರ ತಿರಸ್ಕಾರ ನಿಲ್ಲುವುದಿಲ್ಲ. ಈ ಪರೀಕ್ಷೆ 1970ರ ವೋಗೆಲ್ ತೀರ್ಪಿನಿಂದ ಬಂದದ್ದು.

ಎರಡನೆಯದು ನ್ಯಾಯಾಲಯಗಳು ಕಟ್ಟಿದ ತತ್ವ: ಎರಡು ಕ್ಲೇಮು ಒಂದೇ ಅಲ್ಲದಿದ್ದರೂ ಒಂದು ಇನ್ನೊಂದರ ಸಹಜ ರೂಪಾಂತರವಾಗಿದ್ದರೆ ಸಾಕು. ನಮಗೆ ಬರುವುದರಲ್ಲಿ ಬಹುಪಾಲು ಇದೇ. ಹಿಂದಿರುವ ಚಿಂತೆ ಎರಡು. ಒಂದೇ ವಿಚಾರದ ಮೇಲಿನ ಏಕಸ್ವಾಮ್ಯವನ್ನು ಕಂತು ಕಂತಾಗಿ ಉದ್ದ ಮಾಡಬಾರದು. ಮತ್ತು ಒಂದೇ ಉತ್ಪನ್ನದ ಮೇಲೆ ಬೇರೆ ಬೇರೆ ಮಾಲೀಕರು ಬೇರೆ ಬೇರೆ ದಾವೆ ಹೂಡುವಂತಾಗಬಾರದು. ಎರಡನೆಯ ಚಿಂತೆಯನ್ನು ಮರೆಯಬೇಡಿ. ಅವಧಿ ಒಂದು ದಿನವೂ ಹೆಚ್ಚಾಗದ ಸಂದರ್ಭದಲ್ಲೂ ಪರೀಕ್ಷಕರು ತಿರಸ್ಕಾರ ಹಾಕುವುದು ಅದರ ಬಲದ ಮೇಲೆಯೇ.

ಕ್ಲೇಮಿನ ಎದುರು ಕ್ಲೇಮು

ಕೈಗೆ ಆಫೀಸ್ ಆಕ್ಷನ್ ಬಂದ ಕೂಡಲೇ ಎರಡು ಅಂಕಣದ ಒಂದು ಪಟ್ಟಿ ಮಾಡಿ. ಎಡಕ್ಕೆ ಹಳೆಯ ಪೇಟೆಂಟಿನ ಕ್ಲೇಮು, ಬಲಕ್ಕೆ ನಿಮ್ಮದು, ಅಂಶಕ್ಕೆ ಅಂಶ. ಪರೀಕ್ಷಕರು ಪಟ್ಟಿ ಕೊಟ್ಟಿದ್ದರೂ ನಿಮ್ಮದನ್ನು ನೀವೇ ಮಾಡಿ. ಅವರ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಇರುವುದು ಹೋಲಿಕೆಗಳು, ನಿಮಗೆ ಬೇಕಾದದ್ದು ವ್ಯತ್ಯಾಸಗಳು.

ಒಂದು ಮಾದರಿ ನೋಡೋಣ. ಕ್ಲೇಮುಗಳು ನಾನು ಕಟ್ಟಿದವು, ತಂತ್ರಜ್ಞಾನ ಎಚ್.266ರದ್ದು. ಮೋಷನ್ ವೆಕ್ಟರ್ ಎಂದರೆ ಬ್ಲಾಕು ಎತ್ತ, ಎಷ್ಟು ಸರಿಯಿತು ಎನ್ನುವ ಅಂಕಿ. ಅಫೈನ್ ಎಂದರೆ ತಿರುಗುವ, ಹಿಗ್ಗುವ ಚಲನೆಯನ್ನೂ ಹಿಡಿಯುವ ಬಗೆ, ಅದರಲ್ಲಿ ಬ್ಲಾಕಿನ ಮೂಲೆಗಳೇ ಕಂಟ್ರೋಲ್ ಪಾಯಿಂಟುಗಳು. ಪ್ರೆಡಿಕ್ಟ್ ಮಾಡುವುದೆಂದರೆ ಇವುಗಳಿಂದ ಅಂದಾಜಿಸುವುದು. ಹಳೆಯ ಪೇಟೆಂಟಿನ ಮೊದಲ ಕ್ಲೇಮು ಹೀಗಿದೆ: ಬ್ಲಾಕಿನ ಅಗಲ, ಎತ್ತರ ಎರಡೂ 8 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಅಫೈನ್ ಮರ್ಜ್ ಪಟ್ಟಿಯನ್ನು ರಚಿಸುವುದು, ಬಿಟ್‌ಸ್ಟ್ರೀಮಿನಿಂದ ಇಂಡೆಕ್ಸ್ ಓದಿ ಪಟ್ಟಿಯಿಂದ ಒಂದನ್ನು ಆರಿಸುವುದು, ಅದರ ಕಂಟ್ರೋಲ್ ಪಾಯಿಂಟ್ ಮೋಷನ್ ವೆಕ್ಟರ್‌ಗಳಿಂದ ಬ್ಲಾಕನ್ನು ಪ್ರೆಡಿಕ್ಟ್ ಮಾಡುವುದು. ನಿಮ್ಮ ಹೊಸ ಅರ್ಜಿಯಲ್ಲಿ: ಅಗಲ, ಎತ್ತರ ಎರಡೂ 16 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಅಫೈನ್ ಪ್ರೆಡಿಕ್ಟರ್ ಪಟ್ಟಿಯನ್ನು ರಚಿಸುವುದು, ಒಂದು ಪ್ರೆಡಿಕ್ಟರ್ ಆರಿಸುವುದು, ಬಿಟ್‌ಸ್ಟ್ರೀಮಿನಿಂದ ಮೋಷನ್ ವೆಕ್ಟರ್ ವ್ಯತ್ಯಾಸವನ್ನು ಓದಿ ಕೂಡಿಸುವುದು, ಆಮೇಲೆ ಪ್ರೆಡಿಕ್ಷನ್. ಪರೀಕ್ಷಕರು ಬರೆಯುತ್ತಾರೆ: ಎರಡೂ ಅಫೈನ್, ಎರಡರಲ್ಲೂ ಪಟ್ಟಿ, ಎರಡರಲ್ಲೂ ಅದರಿಂದ ಒಂದನ್ನು ಆರಿಸುವುದು, ಗಾತ್ರದ ಮಿತಿ ವಿನ್ಯಾಸಕಾರನ ಆಯ್ಕೆ, ಕ್ಲೇಮುಗಳು ತದ್ರೂಪವಲ್ಲದಿದ್ದರೂ ಪೇಟೆಂಟಿನ ಮಟ್ಟಿಗೆ ಭಿನ್ನವಲ್ಲ.

ಇಲ್ಲಿ ಗಾತ್ರದ ಮಿತಿಯ ಮೇಲೆ ಜಗಳ ಕಾಯುವವರನ್ನು ಬಹಳ ನೋಡಿದ್ದೇನೆ. 8 ಎಲ್ಲಿ, 16 ಎಲ್ಲಿ ಎಂದು ಎರಡು ಪುಟ ಬರೆಯುತ್ತಾರೆ. ಅದು ಸೋಲುವ ವಾದ. 16 ಇರುವ ಬ್ಲಾಕು 8ರ ಮಿತಿಯನ್ನೂ ದಾಟಿರುತ್ತದೆ. ಗಟ್ಟಿಯಾದದ್ದು ವ್ಯತ್ಯಾಸವನ್ನು ಓದಿ ಕೂಡಿಸುವ ಹೆಜ್ಜೆ. ಮರ್ಜ್‌ನಲ್ಲಿ ಬ್ಲಾಕು ತನ್ನ ಚಲನೆಯನ್ನು ನೆರೆಯವರಿಂದ ಇದ್ದಂತೆಯೇ ಎತ್ತಿಕೊಳ್ಳುತ್ತದೆ. ವ್ಯತ್ಯಾಸವನ್ನು ಕಳುಹಿಸದೆ ಬಿಟ್ ಉಳಿಸುವುದೇ ಅದರ ಉದ್ದೇಶ. ಅದಕ್ಕೆ ವ್ಯತ್ಯಾಸದ ಹೆಜ್ಜೆಯನ್ನು ಸೇರಿಸಿದರೆ ಅದು ಮರ್ಜ್ ಆಗಿ ಉಳಿಯುವುದಿಲ್ಲ. ಈ ಬದಲಾವಣೆಯನ್ನು ಕುಶಲ ಎಂಜಿನಿಯರ್ ಏಕೆ ಮಾಡುತ್ತಿದ್ದ ಎನ್ನುವುದಕ್ಕೆ ಆಫೀಸ್ ಆಕ್ಷನ್‌ನಲ್ಲಿ ಕಾರಣವಿದೆಯೇ ನೋಡಿ.

ಹೆಚ್ಚಿನ ಸಲ ಕಾರಣವೆಂದು ಕೊಟ್ಟಿರುವುದು ಹಳೆಯ ಪೇಟೆಂಟಿನದೇ ವಿವರಣೆಯ ಯಾವುದೋ ಪ್ಯಾರಾ. ‘ಅಲ್ಲಿಯೇ ಎರಡೂ ವಿಧಾನಗಳನ್ನು ವಿವರಿಸಿದ್ದೀರಲ್ಲ’ ಎನ್ನುವ ಧಾಟಿ. ಇದು ತಪ್ಪು ವಿಶ್ಲೇಷಣೆ. ಹೋಲಿಕೆ ನಡೆಯಬೇಕಾದದ್ದು ಕ್ಲೇಮುಗಳ ನಡುವೆ. ಹಳೆಯ ಪೇಟೆಂಟಿನ ವಿವರಣೆಯನ್ನು ಪೂರ್ವಜ್ಞಾನದಂತೆ ಬಳಸುವಂತಿಲ್ಲ. ಕ್ಲೇಮಿನ ಪದಗಳ ಅರ್ಥವನ್ನು ತಿಳಿಯಲು, ಕ್ಲೇಮಿನ ವ್ಯಾಪ್ತಿಯೊಳಗೆ ಏನು ಬರುತ್ತದೆ ಎಂದು ನೋಡಲು ಮಾತ್ರ ಅದನ್ನು ತೆರೆಯಬಹುದು. ಪರೀಕ್ಷಕರ ಕೈಪಿಡಿಯ 804ನೇ ವಿಭಾಗದಲ್ಲೇ ಇದು ಇದೆ, ಅದನ್ನೇ ಉಲ್ಲೇಖಿಸಿ. ಆದರೆ ಪರೀಕ್ಷಕರು ಜಾಣರಾಗಿದ್ದರೆ ಮುಂದಿನ ಸುತ್ತಿನಲ್ಲಿ ಹಳೆಯ ಕ್ಲೇಮಿನ ಜೊತೆಗೆ ಎಚ್.265ರ ಕಾಲದ ಬೇರೆ ದಾಖಲೆಯೊಂದನ್ನು ಜೋಡಿಸುತ್ತಾರೆ. ಪ್ರೆಡಿಕ್ಟರ್‌ಗೆ ವ್ಯತ್ಯಾಸ ಕೂಡಿಸುವುದು ಅಲ್ಲಿ ಹಳೆಯ ಸಂಗತಿ, ಆ ಜೋಡಣೆಗೆ ಅವಕಾಶವೂ ಇದೆ. ಆಗ ತಿದ್ದುಪಡಿ ಬೇಕಾಗುತ್ತದೆ. ಎಚ್.266ರಲ್ಲಿ ಎರಡನೆಯ ಮತ್ತು ಮೂರನೆಯ ಕಂಟ್ರೋಲ್ ಪಾಯಿಂಟಿನ ವ್ಯತ್ಯಾಸವನ್ನು ಮೊದಲನೆಯದರ ವ್ಯತ್ಯಾಸದಿಂದ ಪ್ರೆಡಿಕ್ಟ್ ಮಾಡುತ್ತಾರೆ. ನಿಮ್ಮ ವಿವರಣೆಯಲ್ಲಿ ಅದಕ್ಕೆ ಆಧಾರವಿದ್ದರೆ ಸೇರಿಸಲು ಅದಕ್ಕಿಂತ ಒಳ್ಳೆಯ ಅಂಶ ಸಿಗುವುದಿಲ್ಲ: ಹಳೆಯ ಕ್ಲೇಮಿನಿಂದ ದೂರ ಹೋಗುತ್ತೀರಿ, ಮಾನದಂಡದ ಮೇಲೆಯೇ ಉಳಿಯುತ್ತೀರಿ. ಮಾನದಂಡದಲ್ಲಿ ಇಲ್ಲದ ಅಂಶವನ್ನು ಸೇರಿಸಿ ತಿರಸ್ಕಾರ ಗೆದ್ದರೆ ಕಕ್ಷಿದಾರನ ಕೈಗೆ ಬರುವುದು ಲೈಸೆನ್ಸ್ ಪೂಲಿನಲ್ಲಿ (ಹಲವರ ಪೇಟೆಂಟುಗಳಿಗೆ ಒಟ್ಟಿಗೆ ಲೈಸೆನ್ಸ್ ಕೊಡುವ ಕೂಟದಲ್ಲಿ) ಯಾರೂ ಎಣಿಸದ ಪೇಟೆಂಟ್.

ವಾದಕ್ಕೂ ಬೆಲೆಯಿದೆ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ‘ಮರ್ಜ್ ಎಂದರೆ ವ್ಯತ್ಯಾಸವಿಲ್ಲದೆ ಎತ್ತಿಕೊಳ್ಳುವುದು’ ಎಂದು ನೀವು ಬರೆದದ್ದು ದಾಖಲೆಯಲ್ಲಿ ಉಳಿಯುತ್ತದೆ. ನಾಳೆ ಲೈಸೆನ್ಸ್ ಮಾತುಕತೆಯಲ್ಲಿ ಎದುರು ಪಕ್ಷದ ವಕೀಲ ಅದನ್ನು ಹಳೆಯ ಪೇಟೆಂಟಿನ ಮೇಲೆಯೇ ತಿರುಗಿಸುತ್ತಾನೆ. ಎಚ್.266ರಲ್ಲೇ ಮರ್ಜ್ ಜೊತೆ ವ್ಯತ್ಯಾಸ ಕಳುಹಿಸುವ ಇನ್ನೊಂದು ವಿಧಾನವೂ ಇದೆ. ನಿಮ್ಮ ಅಗಲವಾದ ವಾಕ್ಯ ಅದನ್ನು ಬಿಟ್ಟುಕೊಟ್ಟಂತಾಗಬಹುದು. ವಾಕ್ಯವನ್ನು ‘ಈ ಕ್ಲೇಮಿನಲ್ಲಿ ಹೇಳಿರುವ’ ಎನ್ನುವ ಬೇಲಿಯೊಳಗೆ ಕಟ್ಟಿಹಾಕಿ.

ಇನ್ನು ಎನ್‌ಕೋಡರ್ ಮತ್ತು ಡಿಕೋಡರ್. ಹಳೆಯ ಪೇಟೆಂಟ್ ಡಿಕೋಡಿಂಗ್, ಹೊಸ ಅರ್ಜಿ ಅದೇ ಹೆಜ್ಜೆಗಳ ಎನ್‌ಕೋಡಿಂಗ್ ಆಗಿದ್ದರೆ ‘ಒಂದು ಇನ್ನೊಂದರ ವಿಲೋಮ’ ಎಂದು ಪರೀಕ್ಷಕರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಿಜ ಹೇಳಬೇಕೆಂದರೆ ಅವರ ಮಾತಿನಲ್ಲಿ ಹುರುಳಿದೆ: ಪ್ರತಿ ಎನ್‌ಕೋಡರಿನ ಹೊಟ್ಟೆಯಲ್ಲೂ ಒಂದು ಡಿಕೋಡರ್ ಕುಳಿತಿರುತ್ತದೆ, ಇಲ್ಲದಿದ್ದರೆ ಎರಡೂ ಬದಿಯ ರೆಫರೆನ್ಸ್ ಚಿತ್ರಗಳು ಹೊಂದುವುದಿಲ್ಲ. ನಿಮ್ಮ ಎನ್‌ಕೋಡಿಂಗ್ ಕ್ಲೇಮಿನಲ್ಲಿ ಯಾವ ಮೋಡ್ ಆರಿಸಬೇಕೆಂದು ನಿರ್ಧರಿಸುವ ಹೆಜ್ಜೆಗಳೇನಾದರೂ ಇದ್ದರೆ ವಾದಿಸಿ. ಡಿಕೋಡಿಂಗ್ ಕ್ಲೇಮಿನ ‘ಓದುವುದು’ ಎಂಬಲ್ಲಿ ‘ಬರೆಯುವುದು’ ಎಂದು ಬದಲಿಸಿದ್ದಷ್ಟೇ ಆದರೆ ವಾದ ಬೇಡ. ಹಾಗೆಯೇ, ಹಳೆಯ ಕ್ಲೇಮಿನಿಂದ ಒಂದು ಅಂಶವನ್ನು ಕಿತ್ತು ಅಗಲ ಮಾಡಿದ ಕ್ಲೇಮಿಗೂ ವಾದವಿಲ್ಲ. ಕಿರಿದಾದದ್ದಕ್ಕೆ ಪೇಟೆಂಟ್ ಪಡೆದ ಮೇಲೆ ಅದನ್ನು ಒಳಗೊಂಡ ಹಿರಿದಾದದ್ದು ಭಿನ್ನವಲ್ಲ ಎಂದು 1993ರ ಗುಡ್‌ಮನ್ ತೀರ್ಪು ಸ್ಪಷ್ಟವಾಗಿ ಹೇಳಿದೆ.

ದಿನಾಂಕದ ಲೆಕ್ಕ

ಡಿಸ್‌ಕ್ಲೇಮರ್ ಎಷ್ಟು ದುಬಾರಿ ಎಂದು ತಿಳಿಯುವುದು ಇಲ್ಲಿ. ಅಮೆರಿಕದಲ್ಲಿ ಪೇಟೆಂಟಿನ ಅವಧಿ ಕುಟುಂಬದ ಮೊದಲ ಪೂರ್ಣ ಅರ್ಜಿಯ ದಿನದಿಂದ 20 ವರ್ಷ. ಅದಕ್ಕೂ ಮುಂಚೆ ಹಾಕುವ ಪ್ರೊವಿಷನಲ್ (ತಾತ್ಕಾಲಿಕ) ಅರ್ಜಿಯ ದಿನ ಲೆಕ್ಕಕ್ಕಿಲ್ಲ. ಇದರ ಮೇಲೆ, ಕಚೇರಿ ತಡ ಮಾಡಿದ್ದಕ್ಕೆ ಪರಿಹಾರವಾಗಿ ದಿನಗಳನ್ನು ಸೇರಿಸುತ್ತಾರೆ. ಮೊದಲ ಆಫೀಸ್ ಆಕ್ಷನ್ 14 ತಿಂಗಳು ದಾಟಿದರೆ, ನಿಮ್ಮ ಉತ್ತರಕ್ಕೆ ಪ್ರತಿಕ್ರಿಯೆ 4 ತಿಂಗಳು ದಾಟಿದರೆ, ಒಟ್ಟು 3 ವರ್ಷ ದಾಟಿದರೆ, ಹೀಗೆ. ಡಿಸ್‌ಕ್ಲೇಮರ್ ಹಾಕಿದರೆ ಆ ಸೇರಿಸಿದ ದಿನಗಳು ಹಳೆಯ ಪೇಟೆಂಟಿನ ಕೊನೆಯ ದಿನದ ಆಚೆಗೆ ಹೋಗುವಂತಿಲ್ಲ.

ಮೊದಲ ಅರ್ಜಿ 2013ರ ಮಾರ್ಚ್ 15ರದ್ದು ಎಂದುಕೊಳ್ಳಿ. ಮೂಲ ಅವಧಿ 2033ರ ಮಾರ್ಚ್ 15ಕ್ಕೆ ಮುಗಿಯುತ್ತದೆ. ಹಳೆಯ ಪೇಟೆಂಟಿಗೆ 40 ದಿನ ಸಿಕ್ಕಿದ್ದರೆ ಅದು 2033ರ ಏಪ್ರಿಲ್ 24ರವರೆಗೆ. ಹೊಸ ಅರ್ಜಿಗೆ 410 ದಿನ ಸಿಗುವಂತಿದ್ದರೆ ಅದು 2034ರ ಏಪ್ರಿಲ್ 29ರವರೆಗೆ. ಕಣ್ಣು ಮುಚ್ಚಿ ಹಾಕಿದ ಡಿಸ್‌ಕ್ಲೇಮರ್ 370 ದಿನಗಳನ್ನು ನುಂಗುತ್ತದೆ. ಕೋಡೆಕ್ (ವಿಡಿಯೊ ಕೋಡಿಂಗ್) ಪೇಟೆಂಟಿನ ಕೊನೆಯ ವರ್ಷ ಒಣ ವರ್ಷವಲ್ಲ, 2003ರ ಎಚ್.264 ಇಂದಿಗೂ ಎಷ್ಟು ಸಾಧನಗಳಲ್ಲಿ ಓಡುತ್ತಿದೆ ಎಂದು ನೋಡಿದರೆ ಸಾಕು. ಅಂಕಿಗಳು ತಿರುವುಮುರುವಾಗಿದ್ದು, ಹಳೆಯದಕ್ಕೆ 410, ಹೊಸದಕ್ಕೆ 40 ಆಗಿದ್ದರೆ ಡಿಸ್‌ಕ್ಲೇಮರಿನಿಂದ ಒಂದು ದಿನವೂ ಕಳೆಯುವುದಿಲ್ಲ. ಆಗ ವಾದಕ್ಕೆ ನಿಂತು ದಾಖಲೆ ಕೆಡಿಸಿಕೊಳ್ಳುವುದು ಹಟಮಾರಿತನ. ಹೊಸ ಅರ್ಜಿಯ ನಿಖರ ದಿನಗಳು ಮಂಜೂರಾತಿಯ ಹೊತ್ತಿಗಷ್ಟೇ ತಿಳಿಯುತ್ತವೆ ನಿಜ, ಆದರೆ ಕಡತದ ದಿನಾಂಕಗಳಿಂದ ಈಗಲೇ ಅಂದಾಜು ಮಾಡಬಹುದು. ಮಾಡಿ, ಅಟಾರ್ನಿಗೆ ಕಳುಹಿಸುವ ಪತ್ರದ ಮೊದಲ ಪ್ಯಾರಾದಲ್ಲೇ ಹಾಕಿ.

ಡಿಸ್‌ಕ್ಲೇಮರ್ ಇಡೀ ಪೇಟೆಂಟಿಗೆ ಅನ್ವಯಿಸುತ್ತದೆ, ಆಯ್ದ ಕ್ಲೇಮುಗಳಿಗಲ್ಲ. ತಿರಸ್ಕಾರ 20ರಲ್ಲಿ ನಾಲ್ಕು ಕ್ಲೇಮುಗಳಿಗೆ ಮಾತ್ರ ತಗುಲಿದ್ದು ದಿನಗಳ ನಷ್ಟ ದೊಡ್ಡದಿದ್ದರೆ ಆ ನಾಲ್ಕನ್ನು ಇಲ್ಲಿಂದ ತೆಗೆದು ಹೊಸ ಕಂಟಿನ್ಯುಯೇಷನ್‌ಗೆ ಸಾಗಿಸಿ, ಡಿಸ್‌ಕ್ಲೇಮರನ್ನು ಅಲ್ಲಿ ಹಾಕಿ. ಹೆಚ್ಚು ಜನ ಬಳಸದ, ಬಹಳ ಉಪಯೋಗದ ದಾರಿ ಇದು.

ಡಿಸ್‌ಕ್ಲೇಮರ್ ಹಾಕದೆ, ಪರೀಕ್ಷಕರೂ ಗಮನಿಸದೆ ಪೇಟೆಂಟ್ ಸಿಕ್ಕಿಬಿಟ್ಟರೆ? ಅದನ್ನು ಅದೃಷ್ಟ ಎಂದುಕೊಳ್ಳುವ ಕಾಲ 2023ರ ಆಗಸ್ಟಿನಲ್ಲಿ ಮುಗಿಯಿತು. ಸೆಲೆಕ್ಟ್ ಎಂಬ ಕಂಪನಿಯ ಪೇಟೆಂಟುಗಳು ನಮ್ಮ ಪಕ್ಕದ ಕ್ಷೇತ್ರದವು, ಮೊಬೈಲಿನಂಥ ಸಾಧನಗಳ ಇಮೇಜ್ ಸೆನ್ಸರಿನವು. ಸೇರಿಸಿದ ದಿನಗಳಿಲ್ಲದಿದ್ದರೆ ಎಲ್ಲವೂ ಒಂದೇ ದಿನ ಮುಗಿಯುತ್ತಿದ್ದವು. ಸ್ಯಾಮ್‌ಸಂಗ್ ಕೋರಿದ ಮರುಪರೀಕ್ಷೆಯಲ್ಲಿ ಅವು ಬಿದ್ದವು. ಹೋಲಿಸಬೇಕಾದದ್ದು ದಿನಗಳನ್ನು ಸೇರಿಸಿದ ಮೇಲಿನ ಮುಕ್ತಾಯದ ದಿನವನ್ನು ಎಂದು ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಎತ್ತಿಹಿಡಿಯಿತು. 2024ರ ಅಕ್ಟೋಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಹೋಲಿಕೆಯ ಪೇಟೆಂಟ್ ಅವಧಿ ಮುಗಿಸಿದ ಮೇಲೆ ಡಿಸ್‌ಕ್ಲೇಮರ್ ಹಾಕಿ ಉಳಿಸಿಕೊಳ್ಳುವ ದಾರಿಯೂ ಮುಚ್ಚಿರುತ್ತದೆ. ಒಂದು ಸಮಾಧಾನವೆಂದರೆ 2024ರ ಆಗಸ್ಟಿನ ಅಲರ್ಗನ್ ತೀರ್ಪು: ಕುಟುಂಬದಲ್ಲಿ ಮೊದಲು ಸಲ್ಲಿಸಿದ, ಮೊದಲು ಮಂಜೂರಾದ ಪೇಟೆಂಟನ್ನು, ನಂತರ ಹುಟ್ಟಿ ಬೇಗ ಮುಗಿಯುವ ತಮ್ಮಂದಿರ ಕ್ಲೇಮು ತೋರಿಸಿ ಕೆಡವುವಂತಿಲ್ಲ. ಈ ರಕ್ಷಣೆಯನ್ನು ಮೊದಲನೆಯದಕ್ಕಷ್ಟೇ ನೆಚ್ಚಿಕೊಳ್ಳಿ, ನಡುವಿನವುಗಳಿಗೆ ಎಳೆಯಬೇಡಿ.

ಮಾಲೀಕ ಯಾರು

ಡಿಸ್‌ಕ್ಲೇಮರಿನ ಎರಡನೆಯ ಕಲಮು ಅವಧಿಯ ಕುರಿತ ಮೊದಲನೆಯದಕ್ಕಿಂತ ಕಠಿಣ: ಎರಡೂ ಪೇಟೆಂಟ್ ಒಬ್ಬನೇ ಮಾಲೀಕನ ಕೈಯಲ್ಲಿರುವಷ್ಟು ಕಾಲ ಮಾತ್ರ ಹೊಸ ಪೇಟೆಂಟನ್ನು ಜಾರಿಗೊಳಿಸಬಹುದು. ಕೋಡೆಕ್ ಪೇಟೆಂಟುಗಳು ಕೈ ಬದಲಾಯಿಸುತ್ತಲೇ ಇರುತ್ತವೆ. ಕುಟುಂಬದ ನಾಲ್ಕನ್ನು ಮಾರಿ ಎರಡನ್ನು ಇಟ್ಟುಕೊಳ್ಳುವ ಒಪ್ಪಂದವಾದರೆ, ಡಿಸ್‌ಕ್ಲೇಮರಿನಿಂದ ಬೆಸೆದಿರುವ ಪೇಟೆಂಟ್ ಜೋಡಿಯಿಂದ ಬೇರೆಯಾದ ದಿನವೇ ನಿರುಪಯುಕ್ತ. ಆದ್ದರಿಂದ ಯಾವುದು ಯಾವುದಕ್ಕೆ ಬೆಸೆದಿದೆ ಎನ್ನುವ ಒಂದು ಪಟ್ಟಿಯನ್ನು ಕುಟುಂಬಕ್ಕೊಂದರಂತೆ ಇಟ್ಟುಕೊಳ್ಳಿ. ಮಾರಾಟದ ವಕೀಲರು ಕೇಳುವ ಹೊತ್ತಿಗೆ ಅದನ್ನು ಹುಡುಕಲು ಕುಳಿತರೆ ಆಗುವುದಿಲ್ಲ.

ಇನ್ನೊಂದು ಬಲೆ ಜಂಟಿ ಅರ್ಜಿಗಳದ್ದು. ಒಬ್ಬ ಸಂಶೋಧಕನ ಹೆಸರು ಎರಡೂ ಕಡೆ ಇದ್ದರೆ ಸಾಕು, ಮಾಲೀಕರು ಬೇರೆಯಾಗಿದ್ದರೂ ತಿರಸ್ಕಾರ ಬರುತ್ತದೆ. ಒಂದು ಅರ್ಜಿ ಕಂಪನಿ ಮತ್ತು ವಿಶ್ವವಿದ್ಯಾಲಯದ ಜಂಟಿ ಸ್ವತ್ತು, ಇನ್ನೊಂದು ಕಂಪನಿಯದೊಂದೇ ಎಂದಾದರೆ ಅದನ್ನು ಸಮಾನ ಮಾಲೀಕತ್ವ ಎನ್ನುವುದಿಲ್ಲ. ಸಂಪೂರ್ಣ ಒಂದೇ ಕೈಯಲ್ಲಿರಬೇಕು. ಜಂಟಿ ಸಂಶೋಧನಾ ಒಪ್ಪಂದವಿದ್ದರೆ ಅದಕ್ಕೆಂದೇ ಬೇರೆ ಬಗೆಯ ಡಿಸ್‌ಕ್ಲೇಮರ್ ಇದೆ. ಅದೂ ಇಲ್ಲದಿದ್ದರೆ ವಾದ ಅಥವಾ ತಿದ್ದುಪಡಿ, ಮೂರನೆಯ ದಾರಿಯಿಲ್ಲ. 2013ರ ಹಬ್ಬೆಲ್ ಪ್ರಕರಣದಲ್ಲಿ ಆದದ್ದು ಇದೇ.

ತಾತ್ಕಾಲಿಕ ತಿರಸ್ಕಾರ, ಮತ್ತು ವಿಭಜನೆಯ ಆಶ್ರಯ

ಹೋಲಿಕೆಗೆ ತೆಗೆದುಕೊಂಡದ್ದು ಇನ್ನೂ ಮಂಜೂರಾಗದ ಅರ್ಜಿಯಾಗಿದ್ದರೆ ತಿರಸ್ಕಾರ ‘ಪ್ರೊವಿಷನಲ್’. ಇಲ್ಲಿ ಆತುರ ಬೇಡ. ಉಳಿದ ತಕರಾರುಗಳೆಲ್ಲ ತೀರಿ ಇದೊಂದೇ ಉಳಿದಿದ್ದು, ನಿಮ್ಮ ಅರ್ಜಿಯೇ ದಿನಾಂಕದಲ್ಲಿ ಮುಂಚಿನದಾಗಿದ್ದರೆ ಪರೀಕ್ಷಕರು ತಿರಸ್ಕಾರವನ್ನು ಹಿಂತೆಗೆದುಕೊಂಡು ಇದನ್ನು ಮಂಜೂರು ಮಾಡಬೇಕು ಎಂದು ಕೈಪಿಡಿ ಹೇಳುತ್ತದೆ. ಎರಡಕ್ಕೂ ಒಂದೇ ದಿನಾಂಕವಿದ್ದರೆ ಈ ರಿಯಾಯಿತಿ ಇಲ್ಲ. ಕಂಟಿನ್ಯುಯೇಷನ್ ಕುಟುಂಬಗಳಲ್ಲಿ ಬಹುತೇಕ ಹಾಗೆಯೇ ಇರುತ್ತದೆ.

ಎಲ್ಲರೂ ಬರೆಯುವ ಒಂದು ಸಾಲಿದೆ: ‘ಈ ತಿರಸ್ಕಾರವನ್ನು ಸದ್ಯಕ್ಕೆ ಬಾಕಿ ಇರಿಸುವಂತೆ ಕೋರುತ್ತೇವೆ.’ ಕೈಪಿಡಿಯ ಪ್ರಕಾರ ಬಾಕಿ ಇರಿಸಬಹುದಾದದ್ದು ನಮೂನೆಯ ತಕರಾರುಗಳನ್ನು ಮಾತ್ರ. ಡಬಲ್ ಪೇಟೆಂಟಿಂಗ್‌ಗೆ ಪೂರ್ಣ ಉತ್ತರ ಎಂದರೆ ವಾದ ಅಥವಾ ಡಿಸ್‌ಕ್ಲೇಮರ್. ಅನೇಕ ಪರೀಕ್ಷಕರು ಈ ಸಾಲನ್ನು ಸಹಿಸಿಕೊಳ್ಳುತ್ತಾರೆ, ಕೆಲವರು ಉತ್ತರ ಅಪೂರ್ಣವೆಂದು ಹಿಂದಕ್ಕೆ ಕಳುಹಿಸುತ್ತಾರೆ. ಕ್ಲೇಮುಗಳನ್ನು ತಿದ್ದುತ್ತಿದ್ದರೆ ‘ತಿದ್ದಿದ ಕ್ಲೇಮುಗಳು ಈ ಕಾರಣಕ್ಕೆ ಭಿನ್ನ’ ಎಂದು ಎರಡು ಗಟ್ಟಿ ವಾಕ್ಯ ಬರೆಯಿರಿ. ಸಮಯ ಸಿಗುತ್ತದೆ, ಉತ್ತರವೂ ಪೂರ್ಣವಾಗುತ್ತದೆ.

ಡಿಸ್‌ಕ್ಲೇಮರೇ ಬೇಡದ ದಾರಿ ಒಂದಿದೆ. ಮೊದಲ ಅರ್ಜಿಯಲ್ಲಿ ಪರೀಕ್ಷಕರೇ ‘ಮರ್ಜ್ ಒಂದು ಆವಿಷ್ಕಾರ, ಲೂಪ್ ಫಿಲ್ಟರ್ ಇನ್ನೊಂದು, ಒಂದನ್ನು ಆರಿಸಿ’ ಎಂದು ವಿಭಜನೆ ಕೇಳಿದ್ದರೆ, ಬಿಟ್ಟದ್ದನ್ನು ಡಿವಿಷನಲ್ ಅರ್ಜಿಯಾಗಿ ಹಾಕಿದಾಗ 121ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಷರತ್ತು ಎರಡು: ಪರೀಕ್ಷಕರು ಎಳೆದ ಗೆರೆಯನ್ನು ಹೊಸ ಕ್ಲೇಮು ದಾಟಬಾರದು, ಮತ್ತು ಪೇಟೆಂಟ್ ಮಂಜೂರಾಗುವ ಮೊದಲೇ ‘ಡಿವಿಷನಲ್’ ಎಂದು ನಮೂದಿಸಿರಬೇಕು. ಕಂಟಿನ್ಯುಯೇಷನ್ ಎಂದು ಬರೆದು ಮಂಜೂರಾದ ಮೇಲೆ ಹಣೆಪಟ್ಟಿ ಬದಲಿಸಿದರೆ ನಡೆಯುವುದಿಲ್ಲ. ಇದೇ ಕುಟುಂಬದ ಭಾರತದ ಅರ್ಜಿಯನ್ನೂ ನೋಡಿಕೊಳ್ಳುತ್ತಿದ್ದರೆ ಈ ಲೆಕ್ಕಗಳನ್ನು ಇಲ್ಲಿಗೆ ತರಬೇಡಿ: ನಮ್ಮ ಕಾಯ್ದೆಯಲ್ಲಿ ಟರ್ಮಿನಲ್ ಡಿಸ್‌ಕ್ಲೇಮರ್ ಎಂಬುದೇ ಇಲ್ಲ, ಅಮೆರಿಕದ ಥರದ ಕಂಟಿನ್ಯುಯೇಷನ್ ಕೂಡ ಇಲ್ಲ, ಇರುವುದು 16ನೇ ಸೆಕ್ಷನ್ನಿನ ವಿಭಜಿತ ಅರ್ಜಿ.

ಹಾಕುವುದೆಂದು ತೀರ್ಮಾನಿಸಿದ ಮೇಲೆ

ಸಹಿ ನಮ್ಮದಲ್ಲ, ಅರ್ಜಿದಾರನದ್ದು ಅಥವಾ ಕಡತದಲ್ಲಿ ಅಧಿಕಾರಪತ್ರವಿರುವ ಅಮೆರಿಕದ ಅಟಾರ್ನಿ ಅಥವಾ ಏಜೆಂಟರದ್ದು. ಉತ್ತರಗಳಿಗೆ ಸಹಿ ಹಾಕುತ್ತಿರುವ ಅಟಾರ್ನಿಯ ಅಧಿಕಾರಪತ್ರ ಕಡತದಲ್ಲಿ ಇಲ್ಲದಿರುವುದು ಅಪರೂಪವಲ್ಲ. ಉತ್ತರಕ್ಕೆ ಅದು ನಡೆಯುತ್ತದೆ, ಡಿಸ್‌ಕ್ಲೇಮರಿಗೆ ನಡೆಯುವುದಿಲ್ಲ. ಅರ್ಜಿದಾರನ ಹೆಸರು ಕಡತದಲ್ಲಿರುವ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಕಂಪನಿ ಹೆಸರು ಬದಲಿಸಿದ್ದರೆ ಅಥವಾ ಪೇಟೆಂಟನ್ನು ಕೊಂಡಿದ್ದರೆ ಮೊದಲು ಅರ್ಜಿದಾರನ ಬದಲಾವಣೆಯ ಕಾಗದ, ಆಮೇಲೆ ಇದು. ಆನ್‌ಲೈನ್ ನಮೂನೆಯಲ್ಲಿ ಸಲ್ಲಿಸಿದರೆ ಕೂಡಲೇ ಅಂಗೀಕಾರವಾಗುತ್ತದೆ. ಮಂಜೂರಾದ ಪೇಟೆಂಟಿಗೆ ಒಂದು ನಮೂನೆ, ಬಾಕಿಯಿರುವ ಅರ್ಜಿಗೆ ಇನ್ನೊಂದು. ಹೋಲಿಕೆಯ ಪಟ್ಟಿಯಲ್ಲಿ ಎರಡೂ ಬಗೆಯವು ಬೆರೆತಿದ್ದರೆ ಬೇರ್ಪಡಿಸಿ ನಮೂದಿಸಿ. ತಂದೆ ಅರ್ಜಿಯಲ್ಲಿ ಹಾಕಿದ್ದು ಕಂಟಿನ್ಯುಯೇಷನ್‌ಗೆ ಹರಿದು ಬರುವುದಿಲ್ಲ, ಅಲ್ಲಿ ಅಗತ್ಯ ಬಿದ್ದರೆ ಮತ್ತೆ ಹಾಕಬೇಕು. ಪರೀಕ್ಷಕರು ಹೆಸರಿಸಿದ ಪೇಟೆಂಟುಗಳಿಗೆ ಮಾತ್ರ ಹಾಕಿ. ‘ಹೇಗೂ ಬರುತ್ತದೆ’ ಎಂದು ಇಡೀ ಕುಟುಂಬವನ್ನು ಸೇರಿಸುವ ಉದಾರತೆಗೆ ಯಾರೂ ಅಂಕ ಕೊಡುವುದಿಲ್ಲ.

ಉತ್ತರದಲ್ಲಿ ‘ತಿರಸ್ಕಾರವನ್ನು ಒಪ್ಪದೆ, ಪ್ರಕ್ರಿಯೆಯನ್ನು ಮುಂದುವರಿಸಲು ಮಾತ್ರ’ ಎಂಬ ಸಾಲು ಇರಲಿ. ಡಿಸ್‌ಕ್ಲೇಮರ್ ಒಪ್ಪಿಗೆಯಲ್ಲ ಎಂದು 1991ರ ಕ್ವಾಡ್ ತೀರ್ಪು ಹೇಳಿದೆಯಾದರೂ, 2018ರ ಸಿಂಪಲ್‌ಏರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಡಿಸ್‌ಕ್ಲೇಮರನ್ನು ‘ಬಲವಾದ ಸುಳಿವು’ ಎಂದು ಕರೆದಿದೆ. ಸಾಲಿನಿಂದ ಪೂರ್ಣ ರಕ್ಷಣೆಯಿಲ್ಲ, ಇಲ್ಲದಿರುವುದಕ್ಕಿಂತ ವಾಸಿ.

ಕೊನೆಗೆ, ಪೇಟೆಂಟ್ ಸಂಖ್ಯೆಯನ್ನು ಆಫೀಸ್ ಆಕ್ಷನ್‌ನಿಂದ ನಕಲು ಮಾಡಬೇಡಿ, ಪೇಟೆಂಟಿನ ಮುಖಪುಟ ತೆರೆದು ಅಲ್ಲಿಂದ ಬರೆಯಿರಿ. ಆಫೀಸ್ ಆಕ್ಷನ್‌ಗಳಲ್ಲೂ ಅಂಕಿ ತಪ್ಪಿರುತ್ತದೆ. ತಪ್ಪು ಸಂಖ್ಯೆಯ ಡಿಸ್‌ಕ್ಲೇಮರನ್ನು ಮಂಜೂರಾತಿಗೆ ಮೊದಲಾದರೆ ಮನವಿ ಸಲ್ಲಿಸಿ ಹಿಂತೆಗೆದುಕೊಳ್ಳಬಹುದು. ಪೇಟೆಂಟ್ ಹೊರಬಿದ್ದ ಮೇಲೆ ಹಿಂತೆಗೆದುಕೊಳ್ಳುವ ದಾರಿ ಮುಚ್ಚಿದಂತೆಯೇ ಸರಿ.